ಹಡಗಿನ ಹೆಸರೂ ಬೇಲೂರಿನ ಗಂಡಭೇರುಂಡವೂ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನಿಧಾನವಾಗಿ ನೋಡಿದ ವಾಚಕರು ಒಂದು ಶಿಲ್ಪವನ್ನು ಮರೆತಿರಲಾರರು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಮುಂದೆ ನಿಂತು ಆ ಕಥೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅದೇ ಪಕ್ಷಿಯು ಮೈಸೂರು ಅರಸರ ಲಾಂಛನವಾಗಿ, ಅಲ್ಲಿಂದ ಯುದ್ಧನೌಕೆಯೊಂದರ ಮುದ್ರೆಯಾಗಿ, 28 ವರ್ಷಕಾಲ ಸಮುದ್ರದ ಮೇಲೆ ಸಂಚರಿಸಿತೆಂಬುದನ್ನು ಹೇಳುವವರನ್ನು ನಾವು ಕಾಣೆವು.

ಆ ನೌಕೆಯ ಬೆಲೆಯನ್ನರಿಯಬೇಕಾದರೆ ಅದಕ್ಕಿಂತ ಹಿಂದಿನ ಇನ್ನೊಂದು ನೌಕೆಯನ್ನು ಮೊದಲು ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಏಳನೆಯ ಎಡ್ವರ್ಡ್ ದೊರೆಯ ಹೆಸರಿನ ಶ್ರೇಣಿಯಲ್ಲಿ ಎಂಟು ರಣನೌಕೆಗಳನ್ನು ಕಟ್ಟಿದರು. ಅವುಗಳಲ್ಲೊಂದಕ್ಕೆ 'ಹಿಂದುಸ್ತಾನ' ಎಂದು ಹೆಸರಿಟ್ಟರು. ಕ್ಲೈಡ್ ನದಿಯ ದಂಡೆಯಲ್ಲಿ ಜಾನ್ ಬ್ರೌನ್ ಕಂಪನಿಯವರು ಕಟ್ಟಿದ ಈ ನೌಕೆ 1903ರ ಡಿಸೆಂಬರಿನಲ್ಲಿ ನೀರಿಗಿಳಿದು 1905ರಲ್ಲಿ ಸೇವೆಗೆ ಸೇರಿತು. ಹನ್ನೆರಡು ಅಂಗುಲದ ನಾಲ್ಕು ಮಹಾ ಫಿರಂಗಿಗಳು ಅದರ ಬಲ. ಆದರೆ ಮರುವರ್ಷವೇ 'ಡ್ರೆಡ್‌ನಾಟ್' ಎಂಬ ಹೊಸ ಮಾದರಿಯ ನೌಕೆ ಬಂದು, ಹಿಂದಿನವೆಲ್ಲ ಒಮ್ಮೆಲೆ ಹಳೆಯವಾದುವು. ಮುಂದೆ ಎಂಟನೆಯ ಎಡ್ವರ್ಡನೆನಿಸಿದ ರಾಜಕುಮಾರನು 1911ರಲ್ಲಿ ಇದೇ ನೌಕೆಯಲ್ಲಿ ಮೂರು ತಿಂಗಳು ಕಡಲ ಪಾಠ ಕಲಿತನು. ಮೊದಲ ಮಹಾಯುದ್ಧದಲ್ಲಿ ಈ ಶ್ರೇಣಿಯ ಹಡಗುಗಳಿಗೆ ದೊರೆತ ಕೆಲಸವಾದರೂ ಎಂಥದು? ಹೊಸ ನೌಕೆಗಳ ಮುಂದೆ ಸಾಗಿ ನೀರಿನಡಿಯ ಸ್ಫೋಟಕಗಳನ್ನು ಕಾಣುವುದು, ಕಾಣದಿದ್ದರೆ ತಾವೇ ಮೊದಲು ತಾಗಿ ಸಿಡಿಯುವುದು! 1918ರಲ್ಲಿ ಜೀಬ್ರೂಗ ಬಂದರಿನ ದಾಳಿಗೆ ಹೊರಟವರಿಗೆ 'ಹಿಂದುಸ್ತಾನ'ವು ತಂಗುನೌಕೆಯಾಯಿತು; 1921ರಲ್ಲಿ ಗುಜರಿಗೆ ಮಾರಿಹೋಯಿತು. ಮರುವರ್ಷದ ಜನವರಿಯಲ್ಲಿ ಅದೇ ರಾಜಕುಮಾರನು ಮೈಸೂರಿಗೆ ಬಂದಾಗ, ನಮ್ಮ ದೇಶದ ಹೆಸರು ಹೊತ್ತ ಆ ನೌಕೆ ನೌಕಾಪಡೆಯಲ್ಲಿರಲಿಲ್ಲ. ಹೆಸರು ನಮ್ಮದು, ಅದು ಯಾರ ಮೇಲೆ ಗುಂಡು ಹಾರಿಸಬೇಕೆಂಬ ಮಾತಿನಲ್ಲಿ ನಮಗೆ ಪಾಲಿರಲಿಲ್ಲ.

ಇನ್ನು ಎರಡನೆಯ ನೌಕೆಯ ಕಥೆ. ಇದೂ ಆಂಗ್ಲರೇ ಕಟ್ಟಿದ್ದು. ಇದಕ್ಕೂ ಪರಾಧೀನ ದೇಶವೊಂದರ ಹೆಸರು, 'ನೈಜೀರಿಯ'. ರಣನೌಕೆಗಿಂತ ಕಿರಿದಾದ ಈ ಕ್ರೂಸರ್ 1939ರ ಜುಲೈಯಲ್ಲಿ ನೀರಿಗಿಳಿಯಿತು. 1941ರಲ್ಲಿ ಉತ್ತರ ಸಮುದ್ರಗಳ ಮಂಜಿನಲ್ಲಿ ಜರ್ಮನರ ಹವಾಮಾನ ನೌಕೆ 'ಲೌಯೆನ್‌ಬುರ್ಗ್'ನ್ನು ಇತರ ಹಡಗುಗಳೊಡನೆ ಸೆರೆಹಿಡಿದಾಗ ದೊರೆತ ಗುಪ್ತಲಿಪಿಯ ಕಾಗದಗಳು, ಯಾವ ಫಿರಂಗಿಗಿಂತಲೂ ಹೆಚ್ಚಿನ ಉಪಕಾರ ಮಾಡಿದುವು. 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆಗಳನ್ನೊಯ್ಯುವ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ ಇಟಲಿಯ 'ಅಕ್ಸುಮ್' ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ 52 ಮಂದಿ ಮಡಿದರು. ಆದರೂ ಅದು ಮುಳುಗದೆ ಜಿಬ್ರಾಲ್ಟರನ್ನು ಸೇರಿತು.

ಈ ಗಾಯಗೊಂಡು ಬದುಕಿದ ಹಡಗನ್ನೇ ಭಾರತ ಸರ್ಕಾರವು 1954ರಲ್ಲಿ ಕೊಂಡು, ಬರ್ಕನ್‌ಹೆಡ್ಡಿನಲ್ಲಿ ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು 'ಮೈಸೂರು' ಎಂಬ ಹೆಸರಿನಿಂದ ಸೇವೆಗೆ ಸೇರಿಸಿಕೊಂಡಿತು. ಮುದ್ರೆಯಲ್ಲಿ ಅಲೆಗಳ ಮೇಲೆ ಗಂಡಭೇರುಂಡ. ನೈಜೀರಿಯ ದೇಶವು 1960ರಲ್ಲಿ ಸ್ವತಂತ್ರವಾಗುವ ಹೊತ್ತಿಗೆ ಅದರ ಹೆಸರು ಈ ಹಡಗಿನಿಂದ ಅಳಿದುಹೋಗಿ ಮೂರು ವರ್ಷವಾಗಿದ್ದಿತು. 1971ರ ಡಿಸೆಂಬರಿನ ಯುದ್ಧದಲ್ಲಿ 'ಮೈಸೂರು' ಪಶ್ಚಿಮ ನೌಕಾಪಡೆಯ ಧ್ವಜನೌಕೆ. ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರು ಅದರ ಮೇಲಿಂದ ಪಡೆಯನ್ನು ನಡೆಸಿದರು. ಕರಾಚಿಗೆ ಬೆಂಕಿಯಿಟ್ಟವು ಚಿಕ್ಕ ಕ್ಷಿಪಣಿ ದೋಣಿಗಳೆಂಬುದು ನಿಜ. ಫಿರಂಗಿಗಳ ಕಾಲ ಮುಗಿಯುತ್ತ ಬಂದಿತ್ತು. 1985ರಲ್ಲಿ ನೌಕೆ ನಿವೃತ್ತವಾಯಿತು.

ಕನ್ನಡ ನಾಡುಗಳು ಒಂದುಗೂಡಿದ್ದು 1956ರ ನವೆಂಬರ್ 1ರಂದು. ಆ ನೌಕೆ ಹೆಸರು ಪಡೆದದ್ದು ಅದಾದ ಹತ್ತು ತಿಂಗಳಿಗೆ. ಆಗ 'ಮೈಸೂರು' ಎಂದರೆ ಹಾಸನ, ಅರಸೀಕೆರೆಗಳ ಜೊತೆಗೆ ಧಾರವಾಡವೂ ಕಲಬುರಗಿಯೂ ಮಂಗಳೂರೂ ಕೊಡಗೂ ಹೌದು. ಆ ಹೆಸರು ಉತ್ತರದ ಸೋದರರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲವೆಂದೇ 1973ರಲ್ಲಿ ರಾಜ್ಯವು 'ಕರ್ನಾಟಕ'ವಾಯಿತು. ಹಡಗು ಮಾತ್ರ ಹಳೆಯ ಹೆಸರನ್ನೇ ಹೊತ್ತು ನಡೆಯಿತು. ಅದರಲ್ಲಿ ನಮಗೆ ಅಸಮಾಧಾನವಿಲ್ಲ. 1999ರ ಜೂನ್ 2ರಂದು ಸೇವೆಗೆ ಸೇರಿದ ಇನ್ನೊಂದು 'ಮೈಸೂರು' ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಮ್ಮವರೇ ಕಟ್ಟಿದ್ದು. ಅದಕ್ಕೂ ಗಂಡಭೇರುಂಡವೇ ಮುದ್ರೆ. 2005ರಲ್ಲಿ ಕಾರವಾರದ ನೌಕಾನೆಲೆಗೆ 'ಕದಂಬ'ವೆಂದು ಹೆಸರಿಟ್ಟರು. ಬನವಾಸಿಯ ಅರಸರ ಹೆಸರು ಕಡಲ ದಡದಲ್ಲಿ ನಿಂತಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಯಲ್ಲಿ ರೈಲಿನಿಂದಿಳಿದು ಬೇಲೂರಿಗೆ ಬರುವ ಶಾಲಾ ತಂಡಗಳಿಗೆ ಉಪಾಧ್ಯಾಯ ಬಂಧುಗಳು ಶಿಲ್ಪದ ಮುಂದೆ ಹತ್ತು ನಿಮಿಷ ಹೆಚ್ಚು ನಿಂತು, ಈ ಎರಡು ಹಡಗುಗಳ ಕಥೆಯನ್ನೂ ಹೇಳಬೇಕೆಂದು ಪ್ರಾರ್ಥಿಸುತ್ತೇವೆ. ಇನ್ನೊಂದು ಮಾತು. 1971ರಲ್ಲಿ ಇಪ್ಪತ್ತರ ಹರಯದಲ್ಲಿ 'ಮೈಸೂರು' ನೌಕೆಯ ಮೇಲಿದ್ದವರಿಗೆ ಈಗ ಎಪ್ಪತ್ತು ಮೀರಿದೆ. ಅಂಥವರು ನಮ್ಮ ಊರುಗಳಲ್ಲಿದ್ದರೆ ಅವರನ್ನು ಶಾಲೆಗೆ ಕರೆದು, ಅವರು ಹೇಳಿದ್ದನ್ನು ಮಕ್ಕಳ ಕೈಯಲ್ಲಿ ಬರೆಯಿಸಿ, ಈ ವರ್ಷದ ಶಾಲಾ ಸಂಚಿಕೆಯಲ್ಲಿಯೇ ಅಚ್ಚು ಹಾಕಿಸಬಾರದೇಕೆ?