ದಾದಿಯ ಮಾತ್ರೆ ಮತ್ತು ಎರಡನೆಯ ಮಣಿ

ಕಳೆದ ತಿಂಗಳು ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಔಷಧ ತಯಾರಿಕೆಯ ಬಗ್ಗೆ ಒಂದು ಉಪನ್ಯಾಸದ ಸೂಚನೆ ಹಾಕಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ 'ಪಿಸಿಎಂಬಿ ವಿದ್ಯಾರ್ಥಿಗಳಿಗೆ ಮಾತ್ರ' ಎಂದಿತ್ತು. ನಾನು ಸಿಇಬಿಎ. ಸಭಾಂಗಣದಲ್ಲಿ ಕುರ್ಚಿಗಳು ಕಡಿಮೆ ಇರಬಹುದು, ಅದು ನನಗೂ ಅರ್ಥವಾಗುತ್ತದೆ. ಆದರೆ ಪಕ್ಕದಲ್ಲಿದ್ದ ಗೆಳತಿ "ನಮಗ್ಯಾಕೆ ಅದೆಲ್ಲ, ನಮ್ದು ಲೆಕ್ಕ ಅಲ್ವಾ" ಎಂದಳು. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಮ್ಮ ಮನೆಯಲ್ಲಿ ಔಷಧ ಎಂದರೆ ಮೊದಲು ಲೆಕ್ಕವೇ.

ಅಬ್ಬಾಗೆ ಇಲ್ಲೇ ಕೃಷ್ಣರಾಜಪುರದಲ್ಲಿ ಟೈಲರಿಂಗ್ ಅಂಗಡಿ ಇದೆ. ಎರಡು ವರ್ಷದಿಂದ ಅಂಗಡಿಯ ಮತ್ತು ಮನೆಯ ಹಿಸಾಬ್ ಬರೆಯುವುದು ನನ್ನ ಕೆಲಸ. ಹಳೆಯ ಪುಸ್ತಕಗಳನ್ನು ತಿರುವಿದಾಗ ಒಂದು ವಿಷಯ ಕಂಡಿತು. 2018, 2019ರಲ್ಲಿ 'ದಾದಿ ಮಾತ್ರೆ' ಎಂಬ ಸಾಲು ಬಾಡಿಗೆಯ ನಂತರದ ದೊಡ್ಡ ಖರ್ಚು. 2020ರಿಂದ ಅದು ಇದ್ದಕ್ಕಿದ್ದಂತೆ ಇಳಿದಿದೆ. ಡಾಕ್ಟರ್ ಬದಲಾಗಿಲ್ಲ, ಮಾತ್ರೆಯೂ ಅದೇ, ವಿಲ್ಡಾಗ್ಲಿಪ್ಟಿನ್. ಅಮ್ಮಿಯನ್ನು ಕೇಳಿದೆ. "ಆಗ ನಿನ್ನ ದಾದಿ ದಿನಕ್ಕೆ ಎರಡು ಬರೆದಿದ್ದರೆ ಒಂದೇ ನುಂಗುತ್ತಿದ್ದರು, ನಮಗೆ ಹೇಳುತ್ತಿರಲಿಲ್ಲ" ಎಂದರು. ಅಂದರೆ ಪುಸ್ತಕದಲ್ಲಿದ್ದ ಆ ದೊಡ್ಡ ಮೊತ್ತ ಕೂಡ ಅರ್ಧ ಔಷಧದ್ದು.

ಇದರ ಹಿಂದಿನ ವಿಜ್ಞಾನವನ್ನು ನನಗೆ ಹೇಳಿಕೊಟ್ಟವರು ಬಿ.ಫಾರ್ಮ್ ಓದುತ್ತಿರುವ ನನ್ನ ಖಾಲಾ ಮಗ. ದಾದಿಗೂ ಹೇಳೋಣ ಎಂದು ಹೊರಟಾಗ ಅಮೈನೋ ಆಮ್ಲಕ್ಕೆ ಉರ್ದುವಿನಲ್ಲಿ ಪದ ತೋಚಲಿಲ್ಲ. ಅವರ ಕೈಯಲ್ಲಿದ್ದ ತಸ್ಬೀಹ್ ತೋರಿಸಿ ಮಣಿ ಎಂದೆ. ಆ ತಸ್ಬೀಹ್‌ನಲ್ಲಿ 33 ಮಣಿ. ಊಟ ಮಾಡಿದಾಗ ನಮ್ಮ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಸುಮಾರು 30 ಅಮೈನೋ ಆಮ್ಲಗಳ ಸರ, ಅಂದರೆ ಒಂದು ಪೆಪ್ಟೈಡ್. ಸಕ್ಕರೆ ಏರಿದೆ, ಇನ್ಸುಲಿನ್ ಬಿಡು ಎಂದು ಮೇದೋಜೀರಕ ಗ್ರಂಥಿಗೆ ಹೇಳುವುದು ಅದರ ಕೆಲಸ. ಆದರೆ ಡಿಪಿಪಿ-4 ಎಂಬ ಕಿಣ್ವ ಕತ್ತರಿಯ ಹಾಗೆ ಬಂದು ಸರದ ತುದಿಯಿಂದ ಎರಡು ಮಣಿಗಳನ್ನು ಕತ್ತರಿಸಿಬಿಡುತ್ತದೆ. ಎರಡೇ ನಿಮಿಷದಲ್ಲಿ ಹಾರ್ಮೋನಿನ ಬಹುಪಾಲು ಕೆಲಸಕ್ಕೆ ಬಾರದಂತಾಗುತ್ತದೆ.

ಈ ಕತ್ತರಿಯನ್ನು ತಡೆಯಲು ರಸಾಯನಶಾಸ್ತ್ರಜ್ಞರು ಎರಡು ದಾರಿ ಹಿಡಿದಿದ್ದಾರೆ. ಮೊದಲನೆಯದು ದಾದಿಯ ಮಾತ್ರೆ. ವಿಲ್ಡಾಗ್ಲಿಪ್ಟಿನ್ ನೋಡಲು ಆ ತುದಿಯ ಎರಡು ಮಣಿಗಳಂತೆಯೇ ಇರುವ, ಆದರೆ ಅಲ್ಲಲ್ಲಿ ಬದಲಾಯಿಸಿದ ಒಂದು ಪುಟ್ಟ ಅಣು, ಒಂದು ನಕಲು. ಕತ್ತರಿ ಅದನ್ನು ನಿಜವಾದ ಸರವೆಂದು ಕಚ್ಚಿ ಹಿಡಿಯುತ್ತದೆ, ಬೇಗ ಬಿಡಲಾಗುವುದಿಲ್ಲ. ಅಷ್ಟು ಹೊತ್ತು ನಿಜವಾದ ಹಾರ್ಮೋನು ಬದುಕಿಕೊಳ್ಳುತ್ತದೆ.

ಎರಡನೆಯ ದಾರಿಯಲ್ಲಿ ಸರದ ಮಣಿಯನ್ನೇ ಬದಲಾಯಿಸುತ್ತಾರೆ. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಇದೇ. (ತೂಕ ಇಳಿಸಲು ಎಂದು ಡಾಕ್ಟರನ್ನು ಕೇಳದೆ ಇದರ ಹಿಂದೆ ಬೀಳುವವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.) ಅದರ ಎರಡನೆಯ ಮಣಿ ಅಲನೈನ್ ಆಗಿರಬೇಕಿತ್ತು. ಅಲ್ಲಿ ಒಂದು ಹೈಡ್ರೋಜನ್ ತೆಗೆದು ಒಂದು ಮೀಥೈಲ್ ಗುಂಪು ಇಟ್ಟಿದ್ದಾರೆ, ಎಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್. ಹೀಗಾದ ಅಮೈನೋ ಆಮ್ಲದ ಹೆಸರು ಎಐಬಿ. ಕತ್ತರಿಯ ಬಾಯಿಗೆ ಅದು ಸರಿಯಾಗಿ ಕೂರುವುದಿಲ್ಲ. ಜೊತೆಗೆ ಇನ್ನೊಂದು ಮಣಿಯನ್ನು ಬದಲಿಸಿ, ರಕ್ತದ ಪ್ರೋಟೀನಿಗೆ ಅಂಟಿಕೊಳ್ಳಲು ಕೊಬ್ಬಿನಾಮ್ಲದ ಬಾಲವನ್ನೂ ಹಾಕಿದ್ದಾರೆ. ನಿಮಿಷಗಳಲ್ಲಿ ಮುಗಿಯುತ್ತಿದ್ದದ್ದು ಈಗ ವಾರಕ್ಕೊಂದು ಸೂಜಿಯಾಗಿದೆ.

ಎಐಬಿ ನಮ್ಮ ದೇಹದ ಪ್ರೋಟೀನುಗಳ 20 ಅಮೈನೋ ಆಮ್ಲಗಳಲ್ಲಿ ಒಂದಲ್ಲ, ಕೆಲವು ಶಿಲೀಂಧ್ರಗಳು ತಯಾರಿಸುವ ಪ್ರತಿಜೈವಿಕಗಳಲ್ಲಿ ಸಿಗುತ್ತದೆ. ಅದರ ಸ್ವಭಾವವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಒಂದು ಪ್ರಮುಖ ಗುಂಪು ನಮ್ಮದೇ ಊರಿನದು. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ಪ್ರೋಟೀನು ಸರಗಳು ಯಾವ ಯಾವ ಕೋನದಲ್ಲಿ ಬಾಗಬಲ್ಲವು ಎಂದು 1963ರಲ್ಲಿ ಮದ್ರಾಸಿನಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ನಕ್ಷೆ ಹಾಕಿ ತೋರಿಸಿದ ಜಿ. ಎನ್. ರಾಮಚಂದ್ರನ್, ನಂತರ ಇಲ್ಲಿಗೆ ಬಂದು ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್ ಅವರು ಎಐಬಿ ಸೇರಿಸಿದ ಪುಟ್ಟ ಪೆಪ್ಟೈಡುಗಳನ್ನು ತಯಾರಿಸಿ, ಅಮೆರಿಕದ ಇಸಬೆಲ್ಲಾ ಕಾರ್ಲ್ ಅವರ ಜೊತೆ ಅವುಗಳ ಹರಳುಗಳನ್ನು ಪರೀಕ್ಷಿಸಿದರು. ಬಲರಾಮ್ 2005ರಿಂದ 2014ರವರೆಗೆ ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಸಾಧಾರಣ ಪುಟ್ಟ ಪೆಪ್ಟೈಡ್ ಬಟ್ಟೆಯ ಹಾಗೆ ಹೇಗೆ ಬೇಕಾದರೂ ಜೋಲುತ್ತದೆ. ಎಐಬಿ ಸೇರಿದರೆ ಅಬ್ಬಾ ಕಾಲರ್ ಒಳಗೆ ಕ್ಯಾನ್ವಾಸ್ ಇಟ್ಟ ಹಾಗೆ, ಒಂದು ನಿರ್ದಿಷ್ಟ ತಿರುವಿನಲ್ಲಿ ನಿಲ್ಲುತ್ತದೆ. ಡೆನ್ಮಾರ್ಕಿನ ಔಷಧ ಬೆಂಗಳೂರಿನಿಂದ ಹೋಯಿತು ಎಂದು ನಾನು ಹೇಳುತ್ತಿಲ್ಲ, ಅದು ಸುಳ್ಳಾಗುತ್ತದೆ. ಆ ಮಣಿಯ ಗುಣ ಬಲ್ಲವರು ನಮ್ಮ ಊರಿನಲ್ಲೇ ಇದ್ದರು ಎಂಬುದಷ್ಟೇ ನನ್ನ ಮಾತು.

ಇನ್ನು ನಮ್ಮ ವಿಭಾಗದ ಪಾಠಕ್ಕೆ ಬರುತ್ತೇನೆ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ 'ಅಗೋಚರ ಆಸ್ತಿ' ಎಂದು ಬರೆದು ಅದರಡಿ ಪೇಟೆಂಟ್ ಎಂದು ಒಂದು ಮೊತ್ತ ಹಾಕುತ್ತೇವೆ. ಆ ಮೊತ್ತದ ಒಳಗೆ ಏನಿದೆ ಎಂದು ನಾವು ಕೇಳುವುದೇ ಇಲ್ಲ. ಕೆಲವೊಮ್ಮೆ ಅದರೊಳಗೆ ಒಂದು ಮೀಥೈಲ್ ಗುಂಪು ಇರುತ್ತದೆ. ಭಾರತದಲ್ಲಿ ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ವಿಲ್ಡಾಗ್ಲಿಪ್ಟಿನ್‌ನದು 2019ರ ಡಿಸೆಂಬರಿನಲ್ಲಿ ಮುಗಿಯಿತು, ಬೇರೆ ಕಂಪನಿಗಳು ಮುನ್ನುಗ್ಗಿದವು, ಬೆಲೆ ಬಿತ್ತು. ಸೆಮಾಗ್ಲುಟೈಡ್‌ನದು 2026ರ ಮಾರ್ಚ್‌ನಲ್ಲಿ ಮುಗಿಯಿತು. ನಮ್ಮ ಪುಸ್ತಕದ ಆ ಸಾಲು ಏಕೆ ಇಳಿಯಿತು ಎಂಬುದಕ್ಕೆ ಉತ್ತರ ಇಲ್ಲಿತ್ತು.

ಮೊದಲು ನನಗೆ ಕೋಪ ಬಂತು. ಇಷ್ಟು ಸಣ್ಣ ಬದಲಾವಣೆಗೆ 20 ವರ್ಷವೇ? ಆಮೇಲೆ ಅನಿಸಿತು, ಬದಲಾವಣೆ ಸಣ್ಣದೋ ದೊಡ್ಡದೋ ಎಂಬುದು ಪ್ರಶ್ನೆಯೇ ಅಲ್ಲ, ಅದರಿಂದ ರೋಗಿಗೆ ಏನಾಯಿತು ಎಂಬುದು ಪ್ರಶ್ನೆ. ಎರಡನೆಯ ಮಣಿಯ ಬದಲಾವಣೆಗೆ ಬೆಲೆ ಕೊಡಬೇಕಾದದ್ದೇ. ಆದರೆ ಹಳೆಯ ಔಷಧದ ರೂಪವನ್ನು ಒಂಚೂರು ಬದಲಿಸಿ ಮತ್ತೆ 20 ವರ್ಷ ಕೇಳುವವರೂ ಇದ್ದಾರೆ. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮು, ಪರಿಣಾಮ ಹೆಚ್ಚದಿದ್ದರೆ ಅಂಥದ್ದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ. ಕ್ಯಾನ್ಸರ್ ಔಷಧ ಗ್ಲಿವೆಕ್ ವಿಷಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದೇ ಕಲಮಿನ ಆಧಾರದ ಮೇಲೆ ನೊವಾರ್ಟಿಸ್ ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಯಾವ ಬದಲಾವಣೆ ನಿಜವಾದದ್ದು, ಯಾವುದು ಹಳೆ ಅಂಗಿಗೆ ಹೊಸ ಗುಂಡಿ ಎಂದು ಹೇಳಲು ಬರೀ ಕಾನೂನು ಸಾಲದು, ಬರೀ ಲೆಕ್ಕವೂ ಸಾಲದು. ನಾಳೆ ನಮ್ಮಲ್ಲಿ ಯಾರೋ ಸಿಎ ಆಗಿ ಔಷಧ ಕಂಪನಿಯ ಲೆಕ್ಕ ತಪಾಸಣೆ ಮಾಡುತ್ತಾರೆ, ಇನ್ಯಾರೋ ವಕೀಲರಾಗುತ್ತಾರೆ. ಅವರಿಗೆ ಮಣಿ ಯಾವುದು, ಗುಂಡಿ ಯಾವುದು ಗೊತ್ತಿರಬೇಡವೇ?

ಹಾಗೆಯೇ ಪಿಸಿಎಂಬಿಯವರು ನಮ್ಮ ತರಗತಿಗೂ ಒಂದು ದಿನ ಬರಲಿ. ತಾವು ಕಂಡುಹಿಡಿಯಲಿರುವ ಔಷಧವನ್ನು ಒಬ್ಬ ಅಜ್ಜಿ ಏಕೆ ಅರ್ಧ ಮಾತ್ರ ನುಂಗುತ್ತಾರೆ ಎಂಬುದು ಅವರ ಪಠ್ಯಪುಸ್ತಕದಲ್ಲಿಲ್ಲ.

ರಸಾಯನಶಾಸ್ತ್ರದ ಮೇಡಂ ಅವರನ್ನು ಕೇಳಿದ್ದೇನೆ. ಕನಿಷ್ಠ 25 ಜನ ಕಾಮರ್ಸ್ ವಿದ್ಯಾರ್ಥಿಗಳು ಹೆಸರು ಕೊಟ್ಟರೆ ಒಂದು ಶನಿವಾರ ಈ ವಿಷಯವನ್ನು ನಮಗಾಗಿ ಮತ್ತೆ ಹೇಳಲು ಒಪ್ಪಿದ್ದಾರೆ. ಹಾಳೆಯನ್ನು ಲೈಬ್ರರಿ ಬಾಗಿಲ ಪಕ್ಕ ಅಂಟಿಸಿದ್ದೇನೆ. ಈವರೆಗೆ 11 ಹೆಸರು ಬಂದಿವೆ, ಅದರಲ್ಲಿ ಒಂದು "ನಮ್ದು ಲೆಕ್ಕ ಅಲ್ವಾ" ಎಂದ ಗೆಳತಿಯದು.