ಸೇತುವೆ ದಾಟಿದ್ಯಾ?

ಮಂಗಳೂರು–ಉಳ್ಳಾಲ ನಡುವೆ ದಿನಾ ಓಡಾಡೋರಿಗೆ ಸಂಜೆ ಮನೆಯಿಂದ ಫೋನ್ ಬಂದರೆ ಕೇಳೋದು ಒಂದೇ ಪ್ರಶ್ನೆ: "ಸೇತುವೆ ದಾಟಿದ್ಯಾ?" ದಾಟಿದ್ದರೆ ಸಾರು ಬಿಸಿಗೆ ಇಡಬಹುದು. ಇಲ್ಲದಿದ್ದರೆ ಇನ್ನೆಷ್ಟು ಹೊತ್ತೋ!

ಪಂಪ್‌ವೆಲ್‌ನಿಂದ ತೊಕ್ಕೊಟ್ಟಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಸಣ್ಣದೊಂದು ತುಂಡು ಅಷ್ಟೇ; ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ 17. ಜೆಪ್ಪಿನಮೊಗರು ಕಳೆದರೆ ನೇತ್ರಾವತಿ, ಆಚೆ ದಡದಲ್ಲಿ ಕಲ್ಲಾಪು, ಮುಂದೆ ತೊಕ್ಕೊಟ್ಟು. ಅಲ್ಲಿ ಬಲಕ್ಕೆ ಹೊರಳಿದರೆ ರಾಣಿ ಅಬ್ಬಕ್ಕನ ಉಳ್ಳಾಲ, ಎಡಕ್ಕೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಅದಕ್ಕೂ ಆಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ. ನೇರ ಹೋದರೆ ತಲಪಾಡಿ, ಕೇರಳದ ಗಡಿ.

ಈ ತುಂಡು ರಸ್ತೆಯ ಎರಡು ಫ್ಲೈಓವರ್‌ಗಳ ಕತೆ ನಿಮಗೆ ಗೊತ್ತೇ ಇದೆ. ತೊಕ್ಕೊಟ್ಟಿನದ್ದು 2019ರಲ್ಲಿ, ಪಂಪ್‌ವೆಲ್‌ನದ್ದು 2020ರ ಜನವರಿ ಕೊನೆಗೆ ತೆರೆದವು. ಅಷ್ಟರಲ್ಲಿ ಪಂಪ್‌ವೆಲ್ ಮೇಲೆ ಬಂದ ಟ್ರೋಲ್‌ಗಳನ್ನು ಸೇರಿಸಿದ್ದರೆ ದೊಡ್ಡ ಪುಸ್ತಕವೇ ಆಗ್ತಿತ್ತು ಮಾರಾಯ್ರೆ.

ನಗೋದು ಸುಲಭ. ಆದರೆ 2020ರ ಮಾರ್ಚ್ ನೆನಪು ಮಾಡ್ಕೊಳ್ಳಿ. ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿತು. ಕಾಸರಗೋಡಿನ ಉತ್ತರ ಭಾಗದವರಿಗೆ ಡಯಾಲಿಸಿಸ್, ಹೆರಿಗೆ, ಹೃದಯದ ಚಿಕಿತ್ಸೆ ಎಲ್ಲಕ್ಕೂ ಮಂಗಳೂರೇ ಹತ್ತಿರ. ಆಂಬುಲೆನ್ಸ್‌ಗಳು ಗಡಿಯಲ್ಲೇ ನಿಂತವು, ಸಾವಿನ ಸುದ್ದಿಗಳು ಬಂದವು. ವಿಷಯ ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ತನಕ ಹೋಯಿತು. ನಾವು ನಿಮಿಷ ಲೆಕ್ಕ ಹಾಕಿ ಬೈಯುವ ಇದೇ ದಾರಿ ಇನ್ನೊಬ್ಬರಿಗೆ ಪ್ರಾಣದ ದಾರಿ.

ಈಗಲೂ ಹಾಗೆಯೇ. ದೊಡ್ಡ ಆಸ್ಪತ್ರೆಗಳು ಹೊಳೆಯ ಎರಡೂ ಬದಿ ಇವೆ. ಸೇತುವೆ ಮೇಲೆ ಒಂದು ಲಾರಿ ಕೆಟ್ಟು ನಿಂತರೂ ಸಾಕು, ಸೈರನ್ ಹಿಂದೆಯೇ ಸಿಕ್ಕಿಬೀಳುತ್ತೆ. ಪಕ್ಕದ ಹಳಿಯಲ್ಲಿ ರೈಲು ಆರಾಮಾಗಿ ಹೋಗ್ತಾ ಇರುತ್ತೆ, ನೋಡ್ತಾ ಕೂರೋದು ನಮ್ಮ ಕೆಲಸ. ಹಾಗಾಗಿ ಕಲ್ಲಾಪಿನಲ್ಲಿ ರಾಂಗ್ ಸೈಡ್ ನುಗ್ಗುವಾಗ, ಎರಡು ಸಾಲು ಇರುವಲ್ಲಿ ಮೂರನೇ ಸಾಲು ಮಾಡುವಾಗ ಒಂದು ಕ್ಷಣ ಯೋಚಿಸಿ. ನೀವು ಮುಚ್ಚಿದ ಜಾಗ ಯಾರದ್ದೋ ಆಗಿರಬಹುದು. ಗಾಡಿ ಕೆಟ್ಟರೆ, ಅಪಘಾತ ಕಂಡರೆ ವಿಡಿಯೊ ಮಾಡುವ ಮೊದಲು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. 2019ರ ಜುಲೈನಲ್ಲಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಕಾಣೆಯಾದದ್ದು ಈ ಸೇತುವೆಯಲ್ಲೇ. ಆಮೇಲೆ ಇಕ್ಕೆಲಗಳಲ್ಲಿ ಎತ್ತರದ ಬಲೆ ಬೇಲಿ ಬಂತು. ಒಳ್ಳೆಯದೇ ಆಯ್ತು. ಆದರೆ ಆಫೀಸಲ್ಲಿ ನಿಮ್ಮ ಪಕ್ಕದ ಕುರ್ಚಿಯವನಿಗೆ ಬೇಲಿ ಸಾಲದು, ಮಾತಾಡಿಸುವವರು ಬೇಕು. ಮನಸ್ಸು ಭಾರವಾದವರಿಗೆ ಸರ್ಕಾರದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಿಮಗಲ್ಲದಿದ್ದರೂ ಇನ್ನೊಬ್ಬರಿಗೆ ಬೇಕಾದೀತು.