ಜಾಲಹಳ್ಳಿಯ ವಾಲ್ವ್, ಮಾಲೂರಿನ ಕರೆಂಟು

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ತಯಾರಾದ ಹೆಬ್ಬೆರಳು ಗಾತ್ರದ ಗಾಜಿನ ವಾಲ್ವ್‌ಗಳಿಗೆ ಇವತ್ತು ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆ. ಹಳೆಯ ದಾಸ್ತಾನು ಎಲ್ಲಿ ಸಿಕ್ಕೀತೆಂದು ಆಡಿಯೊ ಹವ್ಯಾಸಿಗಳು ಹುಡುಕುತ್ತಾರೆ, ಸಿಕ್ಕರೆ ಜೋಪಾನವಾಗಿ ಎತ್ತಿಡುತ್ತಾರೆ. ನಮ್ಮ ಊರುಗಳಲ್ಲಿ ಅದೇ ವಾಲ್ವ್‌ಗಳು ಅಟ್ಟದ ಮೇಲಿನ ರೇಡಿಯೊದೊಳಗೆ ದೂಳು ತಿಂದು, ಮನೆಗೆ ಸುಣ್ಣ ಬಳಿಯುವ ವರ್ಷ ಗುಜರಿಯವನ ತಕ್ಕಡಿ ಏರುತ್ತವೆ.

ಇಂಥ ವಾಲ್ವ್‌ಗಳಿಂದ ಮನೆಯಲ್ಲೇ ಪ್ರೀಆಂಪ್ಲಿಫೈಯರ್ (ಸಣ್ಣ ಸಿಗ್ನಲನ್ನು ಪವರ್ ಆಂಪ್ಲಿಫೈಯರಿಗೆ ಸಾಲುವಷ್ಟು ಹಿಗ್ಗಿಸುವ ಪೆಟ್ಟಿಗೆ) ಕಟ್ಟುವ ಹುಚ್ಚು ಹಚ್ಚಿಕೊಂಡವರು ಇಲ್ಲೂ ಇದ್ದಾರೆ. ಕೋಲಾರ ಜಿಲ್ಲೆಯ ಮಾಲೂರಿನಂಥ ಊರಿಗೆ ಅದು ಕೈಗೆಟುಕುವ ಹುಚ್ಚೇ. ಬೆಳಗಿನ ರೈಲು ಹತ್ತಿ ಬೆಂಗಳೂರಿನಲ್ಲಿಳಿದು ಎಸ್.ಪಿ. ರಸ್ತೆಯ ಗಲ್ಲಿಗಳನ್ನು ಸುತ್ತಿದರೆ ರೆಸಿಸ್ಟರ್, ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್ ಎಲ್ಲ ಚೀಲಕ್ಕೆ ಬಿದ್ದು, ಸಂಜೆಯ ರೈಲಿಗೆ ವಾಪಸಾಗಬಹುದು. ಹೀಗಾಗಿ ಪ್ರಶ್ನೆ ಇರುವುದು ಕಟ್ಟಬಹುದೇ ಎಂಬಲ್ಲಿಲ್ಲ, ಯಾಕೆ ಕಟ್ಟಬೇಕು ಎಂಬಲ್ಲಿ. ಸಾಮಾನ್ಯವಾಗಿ ಕೊಡುವ ಕಾರಣ, ಅಂದರೆ ವಾಲ್ವ್‌ನ ಸದ್ದೇ ನಿಜವಾದ ಸದ್ದು ಎಂಬುದು, ಪರೀಕ್ಷೆಗೆ ನಿಲ್ಲುವುದಿಲ್ಲ. ನಿಲ್ಲುವ ಕಾರಣ ಬೇರೆ ಇದೆ.

ಬಿಇಎಲ್ ಶುರುವಾದದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭವಾಯಿತು. ತಮಾಷೆಯೆಂದರೆ ಮರುವರ್ಷವೇ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ವಾಲ್ವ್ ಕೂಸಾಗಿದ್ದಾಗಲೇ ಅದರ ಜಾಗಕ್ಕೆ ಬರುವವನೂ ಅದೇ ಮನೆಯಲ್ಲಿ ಹುಟ್ಟಿದ್ದ. ಆದರೂ ಹಜಾರದ ಮೇಜಿನ ಮೇಲೆ ಕೂತು, ಸ್ವಿಚ್ ಹಾಕಿದ ಅರ್ಧ ನಿಮಿಷದ ಮೇಲೆ ಬಾಯಿ ಬಿಡುತ್ತಿದ್ದ ರೇಡಿಯೊಗಳನ್ನು, ಜಾತ್ರೆ-ನಾಟಕಗಳ ಮೈಕ್ ಸೆಟ್ಟುಗಳನ್ನು ವಾಲ್ವ್‌ಗಳೇ ಬಹುಕಾಲ ನಡೆಸಿದವು.

ವಾಲ್ವ್‌ನ ಕೆಲಸ ಕಣ್ಣಿಗೆ ಕಾಣುವಂಥದ್ದು. ನಡುವಿನ ಹೀಟರ್ ಕೆಂಪಗಾದಾಗ ಅದನ್ನು ಸುತ್ತಿದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ಹೊರಗಿನ ಪ್ಲೇಟ್‌ಗೆ 200-300 ವೋಲ್ಟ್ ಕೊಟ್ಟರೆ ಅತ್ತ ಓಡುತ್ತವೆ. ನಡುವೆ ಸುತ್ತಿದ ಸಣ್ಣ ತಂತಿಯ ಗ್ರಿಡ್ ಕೆರೆಯ ತೂಬಿನ ಹಾಗೆ: ಅದನ್ನು ಕೊಂಚವೇ ಅಲುಗಿಸಿದರೂ ಆಚೆ ಹರಿಯುವುದು ಬಹಳ ಏರಿಳಿಯುತ್ತದೆ. 1906ರ ಹೊತ್ತಿಗೆ ಅಮೆರಿಕದ ಲೀ ಡಿ ಫಾರೆಸ್ಟ್ ಈ ಮೂರನೆಯ ತಂತಿಯನ್ನು ಸೇರಿಸಿದ್ದರಿಂದಲೇ ಆಂಪ್ಲಿಫೈಯರ್ ಎಂಬ ವಸ್ತು ಸಾಧ್ಯವಾಯಿತು. ಇಸಿಸಿ83 ಎಂಬ ಗಾಜಿನ ಬುರುಡೆಯೊಳಗೆ ಇಂಥ ಮೂರು ಭಾಗದ ಎರಡು ಟ್ರಯೋಡ್‌ಗಳಿರುತ್ತವೆ. ಒಂದು ಎಡ ಸ್ಪೀಕರಿಗೆ, ಇನ್ನೊಂದು ಬಲಕ್ಕೆ.

ಇಲ್ಲೇ ಮೊದಲ ಎಡವಟ್ಟು. ಹೆಸರು ಕೇಳಿದವರೆಲ್ಲ ಇಸಿಸಿ83ಕ್ಕೇ ಮುಗಿಬೀಳುತ್ತಾರೆ. 100 ಕಿಲೋ ಓಮ್‌ನ ಪ್ಲೇಟ್ ರೆಸಿಸ್ಟರ್, ಕ್ಯಾಥೋಡ್‌ಗೆ 1.5 ಕಿಲೋ ಓಮ್ ಮತ್ತು ಬೈಪಾಸ್ ಕಂಡೆನ್ಸರ್ ಹಾಕಿದರೆ ಅದು ಸಿಗ್ನಲನ್ನು ಸುಮಾರು 60 ಪಟ್ಟು ಹಿಗ್ಗಿಸುತ್ತದೆ. ಸಿ.ಡಿ. ಪ್ಲೇಯರ್ ಹೊರಗೆ ಕೊಡುವುದೇ 2 ವೋಲ್ಟ್, ಫೋನು ಹತ್ತಿರ ಹತ್ತಿರ 1 ವೋಲ್ಟ್. ಬಹುತೇಕ ಪವರ್ ಆಂಪ್ಲಿಫೈಯರ್‌ಗಳಿಗೆ ಅಷ್ಟೇ ಸಾಕು. ಅದನ್ನು 60 ಪಟ್ಟು ಮಾಡಿ, ಆಮೇಲೆ ವಾಲ್ಯೂಮನ್ನು ತಳಕ್ಕೆ ತಿರುಗಿಸಿ ಕೇಳುವುದು ಯಾವ ಬುದ್ಧಿವಂತಿಕೆ? ಇಂಥ ಕೆಲಸಕ್ಕೆ ಹತ್ತು-ಹನ್ನೆರಡು ಪಟ್ಟಿನ ಇಸಿಸಿ82 ಧಾರಾಳ. ಇಸಿಸಿ83ರ ಜಾಗ ಗ್ರಾಮಫೋನ್ ತಟ್ಟೆಯ ಬಳಿ. ಎಲ್‌ಪಿ ತಟ್ಟೆಯ ಮೇಲೆ ಓಡುವ ಮೂವಿಂಗ್ ಮ್ಯಾಗ್ನೆಟ್ ಸೂಜಿ ಕೊಡುವುದು 5 ಮಿಲಿವೋಲ್ಟ್‌ನ ಆಸುಪಾಸು. ಜೊತೆಗೆ, 1954ರಿಂದ ರೂಢಿಯಲ್ಲಿರುವ ಆರ್‌ಐಎಎ ಕ್ರಮದಂತೆ ತಟ್ಟೆಯ ಮೇಲೆ ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತರಿಸಿ ಕೊರೆದಿರುತ್ತಾರೆ. ಅದನ್ನು ಮತ್ತೆ ಸರಿತೂಗಿಸಿ, ನೂರಾರು ಪಾಲು ಸಣ್ಣ ಸದ್ದನ್ನು ಎತ್ತಿ ಕೊಡಲು ಪ್ರೀಆಂಪ್ಲಿಫೈಯರ್ ಬೇಕೇ ಬೇಕು. ಮನೆಯಲ್ಲಿ ಹಳೆಯ ತಟ್ಟೆಗಳ ಕಟ್ಟು ಇದ್ದವರು ಇದನ್ನು ಕಟ್ಟಿದರೆ ಅರ್ಥವಿದೆ.

ಸದ್ದಿನ ವಿಷಯಕ್ಕೆ ಬಂದರೆ, ಅಳತೆಯ ಮಾತು ಸರಳ. ಎನ್‌ಇ5532 ಎಂಬ, ಹತ್ತಾರು ರೂಪಾಯಿಯ ಎಂಟು ಕಾಲಿನ ಚಿಪ್ಪು ಯಾವ ಸಾಧಾರಣ ವಾಲ್ವ್ ಸರ್ಕ್ಯೂಟಿಗಿಂತಲೂ ಕಡಿಮೆ ವಿರೂಪದಲ್ಲಿ ಸಂಗೀತವನ್ನು ದಾಟಿಸುತ್ತದೆ. ವಾಲ್ವ್ ತನ್ನದೊಂದಿಷ್ಟನ್ನು ಸೇರಿಸುತ್ತದೆ, ಮುಖ್ಯವಾಗಿ ಮೂಲ ಸ್ವರದ ಒಂದು ಸ್ಥಾಯಿ ಮೇಲಿನ ಎರಡನೇ ಹಾರ್ಮೋನಿಕ್. ಕಿವಿಗೆ ಅದು ಹಿತವೆನಿಸಬಹುದು. ಹಿತವಾದದ್ದನ್ನು ಹಿತವೆಂದು ಹೇಳಲು ಸಂಕೋಚ ಬೇಡ, ಆದರೆ ಅದನ್ನು ಶುದ್ಧಿ ಎಂದು ಮಾರುವುದು ವ್ಯಾಪಾರ. ಸದ್ದು ಉತ್ತಮವಾಗಲಿ ಎಂಬುದಷ್ಟೇ ಆಸೆಯಾದರೆ ಆ ಹಣವನ್ನು ಸ್ಪೀಕರಿಗೆ ಹಾಕುವುದು ಲೇಸು.

ಮತ್ತೇಕೆ ಕಟ್ಟಬೇಕು? ಇದೇ ಜಿಲ್ಲೆಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಐಫೋನ್‌ಗಳು ತಯಾರಾಗುತ್ತವೆ. ಅಂಥ ಫೋನಿನ ಒಂದು ಚಿಪ್ಪಿನೊಳಗೆ ಸಾವಿರ ಕೋಟಿಗೂ ಮಿಕ್ಕಿ ಟ್ರಾನ್ಸಿಸ್ಟರ್‌ಗಳಿರುತ್ತವೆ, ಅವನ್ನು ಜೋಡಿಸುವ ಹುಡುಗ-ಹುಡುಗಿಯರಿಗೆ ಒಂದೂ ಕಾಣುವುದಿಲ್ಲ. ಕೋಲಾರ ಜಿಲ್ಲೆಯ ಎಷ್ಟೋ ಮಕ್ಕಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಾರ್ಖಾನೆ ಬಸ್ಸು ಹತ್ತುತ್ತಾರೆ, ತಾವೇ ಬೆಸುಗೆ ಹಾಕಿದ ಒಂದು ಪೆಟ್ಟಿಗೆ ಹಾಡಿದ್ದನ್ನು ಕೇಳದೆಯೇ. ವಾಲ್ವ್ ಪ್ರೀಆಂಪ್ಲಿಫೈಯರಿನಲ್ಲಿ ಇರುವುದೇ ಬೆರಳೆಣಿಕೆಯ ಟ್ರಯೋಡ್. ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ತೋರಿಸಬಹುದು, ಮೀಟರ್ ಹಿಡಿದು ಅಳೆಯಬಹುದು, ಕೆಟ್ಟರೆ ಕಾರಣ ಹುಡುಕಬಹುದು. ಪವರ್ ಆಂಪ್ಲಿಫೈಯರ್ ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸುವ ಕಷ್ಟವಿದೆ, ಖರ್ಚೂ ಇದೆ. ಇದಕ್ಕೆ ಅದೂ ಬೇಡ.

ಬೇಕಾದ ಅಧಿಕ ವೋಲ್ಟೇಜಿಗೆ ಹಳೆಯ ಕೈಚಳಕವೊಂದಿದೆ. 230ರಿಂದ 12 ವೋಲ್ಟಿಗೆ ಇಳಿಸುವ ಸಾಧಾರಣ ಟ್ರಾನ್ಸ್‌ಫಾರ್ಮರ್ ಎರಡನ್ನು ತಂದು, ಎರಡನೆಯದನ್ನು ತಿರುವುಮುರುವು ಜೋಡಿಸಿದರೆ ಆಚೆ ಕಡೆ ಸುಮಾರು 210 ವೋಲ್ಟ್ ಸಿಗುತ್ತದೆ. ಅದನ್ನು ಡಯೋಡ್‌ಗಳಲ್ಲಿ ಹಾಯಿಸಿ ಕಂಡೆನ್ಸರಿಗೆ ತುಂಬಿದರೆ 290ರ ಆಸುಪಾಸಿನ ಡಿ.ಸಿ. ನಡುವಿನ 12 ವೋಲ್ಟ್ ಹೀಟರಿಗೆ ಆಗುತ್ತದೆ. ಇಷ್ಟು ಲೆಕ್ಕ ಪುಸ್ತಕದಲ್ಲಿ ಸರಿಹೋಗುತ್ತದೆ. ಮಾಲೂರಿನ ತೋಟದ ಮನೆಯಲ್ಲಿ ಬೇರೆ ಲೆಕ್ಕ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ಅಷ್ಟು ಹಿಂದೆಯೇ ವಿದ್ಯುತ್ ಕಂಡ ಜಿಲ್ಲೆಯಲ್ಲಿ ಇವತ್ತಿಗೂ ಪಂಪ್‌ಸೆಟ್ ಲೈನಿಗೆ ಅಂಟಿಕೊಂಡ ಮನೆಗಳಲ್ಲಿ ಬೋರ್‌ವೆಲ್ ಮೋಟರ್‌ಗಳು ಎದ್ದ ಕೂಡಲೇ ದೀಪ ಮಂಕಾಗುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಹೀಟರಿನ 12 ವೋಲ್ಟ್ 9.4ಕ್ಕೆ ಕುಸಿಯುತ್ತದೆ. ಈ ವಾಲ್ವ್‌ಗಳು ಸಹಿಸುವುದು ಶೇ 10ರಷ್ಟು ಏರಿಳಿತವನ್ನು ಮಾತ್ರ. ಅಲ್ಲಿರುವವರು ಹೀಟರಿಗೆ 18 ವೋಲ್ಟಿನ ಬೇರೊಂದು ಟ್ರಾನ್ಸ್‌ಫಾರ್ಮರ್ ಇಟ್ಟು, ಡಿ.ಸಿ. ಮಾಡಿ, ವೋಲ್ಟೇಜನ್ನು 12ಕ್ಕೆ ಹಿಡಿದಿಡುವ 7812 ರೆಗ್ಯುಲೇಟರ್ ಹಾಕಿಕೊಳ್ಳಬೇಕು. ಅರೆವಾಹಕವೇ ಬಂದು ವಾಲ್ವ್‌ಗೆ ಕಾವಲು ನಿಲ್ಲಬೇಕು ಅನ್ನಿ.

ಕಟ್ಟಿದವರನ್ನೆಲ್ಲ ಕಾಡುವ ‘ಗುಂಯ್’ ಸದ್ದಿಗೂ ಹೀಟರಿಗೆ ಹೀಗೆ ಡಿ.ಸಿ. ಕೊಡುವುದರಿಂದ ಅರ್ಧ ಪರಿಹಾರ. ಉಳಿದರ್ಧಕ್ಕೆ ಕಿವಿಯೇ ಮೀಟರು. ತೀರ ಮಂದ್ರದ ಗುಂಯ್ ಕೇಳಿದರೆ ಅದು 50 ಹರ್ಟ್ಸ್, ಹೀಟರ್ ತಂತಿ ಗ್ರಿಡ್ ಬಳಿ ಸುಳಿದಿದೆ ಅಥವಾ ಗ್ರೌಂಡ್ ತಂತಿ ಸುತ್ತುಹಾಕಿದೆ. ಅದಕ್ಕಿಂತ ಒಂದು ಸ್ಥಾಯಿ ಮೇಲೆ, ಕೊಂಚ ಕರಕರ ಎನ್ನುವಂತಿದ್ದರೆ 100 ಹರ್ಟ್ಸ್, ಫಿಲ್ಟರ್ ಕಂಡೆನ್ಸರ್ ಸಾಲುತ್ತಿಲ್ಲ. ಹೀಟರಿಗೆ ಎ.ಸಿ.ಯೇ ಇದ್ದರೆ ಅದರ ತಂತಿಗಳನ್ನು ಜಡೆಯಾಗಿ ಹೊಸೆದು ಪೆಟ್ಟಿಗೆಯ ಮೂಲೆಗೆ ಒತ್ತಿ ಒಯ್ಯುವುದು, ಎಲ್ಲ ಗ್ರೌಂಡುಗಳನ್ನೂ ಒಂದೇ ಬಿಂದುವಿಗೆ ತರುವುದು, ಇವನ್ನು ಯಾವ ತರಗತಿಯ ಪಾಠವೂ ಇಷ್ಟು ಗಟ್ಟಿಯಾಗಿ ಕಲಿಸದು.

ಇನ್ನು ಅಪಾಯದ ಮಾತು. ಸುಮಾರು 290 ವೋಲ್ಟ್ ಡಿ.ಸಿ. ಜೀವ ತೆಗೆಯಬಲ್ಲದು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ಕೂತಿರುತ್ತದೆ. ಅದರ ಎರಡು ತುದಿಗೆ 220 ಕಿಲೋ ಓಮ್, 1 ವ್ಯಾಟಿನ ರೆಸಿಸ್ಟರೊಂದನ್ನು ಕಾಯಂ ಕಟ್ಟಿದರೆ, 47 ಮೈಕ್ರೊಫ್ಯಾರಡ್ ಕಂಡೆನ್ಸರು ಒಂದು ನಿಮಿಷದಲ್ಲಿ ಬರಿದಾಗುತ್ತದೆ. ಆಮೇಲೂ ಮೀಟರ್ ಹಿಡಿದು ನೋಡದೆ ಕೈ ಹಾಕಕೂಡದು. ಟ್ರಾನ್ಸ್‌ಫಾರ್ಮರ್ ಉಳಿಸಲು ಗೋಡೆಯ ಕರೆಂಟನ್ನೇ ನೇರ ಡಯೋಡಿಗೆ ಕೊಡುವ ಸರ್ಕ್ಯೂಟುಗಳು ಓಡಾಡುತ್ತವೆ. ಅವುಗಳ ಹತ್ತಿರವೂ ಹೋಗಬಾರದು. ಲೋಹದ ಪೆಟ್ಟಿಗೆಗೆ ಅರ್ಥ್ ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ, ಬೇಸಿಗೆಗೆ ನೆಲ ಕಾದು ಒಣಗುವ ಈ ಸೀಮೆಯಲ್ಲಿ ಅರ್ಥ್ ಗುಂಡಿ ಹೆಸರಿಗಷ್ಟೇ ಇರುವುದುಂಟು. ಇದ್ದಿಲು, ಉಪ್ಪು ಹಾಕಿ, ಆಗಾಗ ನೀರು ಹುಯ್ಯದೆ ಅದು ಕೆಲಸ ಮಾಡದು. ಗುರುಗಳೊಬ್ಬರು ಪಕ್ಕದಲ್ಲಿಲ್ಲದೆ ಹುಡುಗರು ಒಂಟಿಯಾಗಿ ಇದಕ್ಕೆ ಕೈ ಹಾಕುವುದು ಬೇಡ.

ಅದಕ್ಕೇ ಈ ಕೆಲಸದ ಸರಿಯಾದ ಜಾಗ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯ. ಹೊಸ ವಾಲ್ವ್‌ಗಳನ್ನು ಮಾಡುವ ಕಾರ್ಖಾನೆಗಳು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಉಳಿದಿವೆ. 2022ರ ಮಾರ್ಚ್‌ನಲ್ಲಿ ಯುದ್ಧದ ಕಾರಣ ರಷ್ಯಾದಿಂದ ಪೂರೈಕೆ ತಡೆದಾಗ ಜಗತ್ತಿನಾದ್ಯಂತ ಗಿಟಾರ್ ಆಂಪ್ಲಿಫೈಯರ್‌ನವರು ಕಂಗಾಲಾಗಿದ್ದರು. ನಮ್ಮಲ್ಲಾದರೋ ಜಾಲಹಳ್ಳಿಯ ಮಾಲು ಇನ್ನೂ ಅಟ್ಟಗಳಲ್ಲಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರ ಮನೆಯಲ್ಲಿ ಸತ್ತ ವಾಲ್ವ್ ರೇಡಿಯೊ ಅಥವಾ ರಟ್ಟಿನ ಪೆಟ್ಟಿಗೆಯ ಹಳೆಯ ವಾಲ್ವ್‌ಗಳಿದ್ದರೆ ಗುಜರಿಗೆ ಹಾಕುವ ಮುನ್ನ ಹತ್ತಿರದ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಒಂದು ಮಾತು ತಿಳಿಸಿ. ಇನ್ನೂ ಹಾಡುತ್ತಿರುವ ರೇಡಿಯೊವನ್ನು ಮಾತ್ರ ವಾಲ್ವ್‌ನ ಆಸೆಗೆ ಬಿಚ್ಚಬೇಡಿ.